ಮಿಸ್ ಮಾರ್ಪಲ್ ನೋಡಲಿ ಅಂತಲೇ ಮಾಡಿದ ಕೊಲೆ: ‘ದಿ ಮರ್ಡರ್ ಅಟ್ ದಿ ವಿಕರೇಜ್’ ಬಗ್ಗೆ ಚರ್ಚೆ (ಓದದವರು ಎಚ್ಚರ, ಗುಟ್ಟು ಬಯಲಾಗುತ್ತದೆ)

ಕಪ್ಪುಶಾಯಿ

ಮೊದಲೇ ಹೇಳಿಬಿಡುತ್ತೇನೆ, ಕೊಲೆ ಮಾಡಿದವರು ಯಾರು ಅಂತ ಇಲ್ಲಿ ಬರೆದಿದ್ದೇನೆ. ಪುಸ್ತಕ ಇನ್ನೂ ಓದಿಲ್ಲದವರು ಇಲ್ಲಿಗೇ ನಿಲ್ಲಿಸಿ, ಮುಗಿಸಿಕೊಂಡು ಬನ್ನಿ. ಈ ಪುಸ್ತಕದ ಮಜಾ ಕೆಡಿಸುವುದು ನನಗೆ ಇಷ್ಟವಿಲ್ಲ.

ಅಗಾಥಾ ಕ್ರಿಸ್ಟಿ ಅವರ ‘ದಿ ಮರ್ಡರ್ ಅಟ್ ದಿ ವಿಕರೇಜ್’ ಬಂದದ್ದು 1930ರಲ್ಲಿ. ವಿಕರೇಜ್ ಅಂದರೆ ಪಾದ್ರಿಯ ಮನೆ. ಹಳ್ಳಿಯಲ್ಲಿದ್ದುಕೊಂಡೇ ಕೊಲೆ ಪತ್ತೆ ಮಾಡುವ ವಯಸ್ಸಾದ ಹೆಂಗಸು ಮಿಸ್ ಮಾರ್ಪಲ್ ಇರುವ ಮೊದಲ ಕಾದಂಬರಿ. ಇದರ ಮಾತು ಬಂದಾಗಲೆಲ್ಲ ಜನ ಒಂದೇ ಥರ ಹೇಳುತ್ತಾರೆ: ಚಂದದ ಹಳ್ಳಿ, ಹೂದೋಟ, ಟೀ, ಬಿಸ್ಕತ್ತು, ನಡುವೆ ಒಂದು ಹೆಣ. ಆರಾಮಾಗಿ ಓದಬಹುದು ಅಂತ. ನನಗೆ ಇದು ಆರಾಮಿನ ಪುಸ್ತಕ ಅನ್ನಿಸುವುದೇ ಇಲ್ಲ. ಊರಲ್ಲಿ ಎಲ್ಲರೂ ಎಲ್ಲರನ್ನೂ ನೋಡುತ್ತಿರುತ್ತಾರೆ ಅನ್ನುವುದನ್ನೇ ಆಯುಧ ಮಾಡಿಕೊಂಡ ಇಬ್ಬರ ಕಥೆ ಇದು. ಹಾಗೆ ಓದಿದರೆ ಬೇರೆಯೇ ಪುಸ್ತಕ ಕಾಣುತ್ತದೆ.

ಕಥೆ ನೆನಪಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಊರು ಸೇಂಟ್ ಮೇರಿ ಮೀಡ್. ಕಥೆ ಹೇಳುವವರು ಊರ ಪಾದ್ರಿ ಲಿಯೊನಾರ್ಡ್ ಕ್ಲೆಮೆಂಟ್. ಕರ್ನಲ್ ಪ್ರೊಥೆರೋ ಅಂತ ಒಬ್ಬ ಮ್ಯಾಜಿಸ್ಟ್ರೇಟ್ ಇದ್ದಾನೆ, ಊರಲ್ಲಿ ಅವನನ್ನು ಕಂಡರೆ ಯಾರಿಗೂ ಆಗುವುದಿಲ್ಲ. ಪಾದ್ರಿಯೇ ಊಟದ ಮೇಜಿನಲ್ಲಿ ಮಾಂಸ ಕೊಯ್ಯುತ್ತಾ, ಇವನನ್ನು ಯಾರಾದರೂ ಕೊಂದರೆ ಲೋಕಕ್ಕೆ ಉಪಕಾರವಾದೀತು ಅಂದುಬಿಡುತ್ತಾರೆ. ಆಮೇಲೆ ಅವರ ಓದುವ ಕೋಣೆಯಲ್ಲೇ, ಅವರ ಮೇಜಿನ ಮುಂದೆಯೇ ಕರ್ನಲ್ ತಲೆಗೆ ಗುಂಡು ಬಿದ್ದು ಸತ್ತಿರುತ್ತಾನೆ.

ಮಾಡಿದವರು ಅವನ ಎರಡನೇ ಹೆಂಡತಿ ಆನ್ ಮತ್ತು ಅವಳ ಪ್ರಿಯಕರ, ಚಿತ್ರಕಾರ ಲಾರೆನ್ಸ್ ರೆಡಿಂಗ್. ಹೇಗೆ ಮಾಡಿದರು ನೋಡಿ. ಪಾದ್ರಿಯ ಮನೆಗೆ ಹೋಗುವ ಹಿತ್ತಲ ದಾರಿ ಮಿಸ್ ಮಾರ್ಪಲ್ ತೋಟದ ಪಕ್ಕದಲ್ಲೇ ಇದೆ. ಆ ಹೊತ್ತಿಗೆ ಅವರು ತೋಟದಲ್ಲಿ ಇರುತ್ತಾರೆ ಅಂತ ಊರಿಗೆಲ್ಲ ಗೊತ್ತು. ಆನ್ ಆ ದಾರಿಯಲ್ಲೇ ಬರುತ್ತಾಳೆ. ನಿಂತು ಮಾತಾಡುತ್ತಾಳೆ. ಕೈಯಲ್ಲಿ ಬ್ಯಾಗಿಲ್ಲ. ಹಾಕಿಕೊಂಡ ಬಟ್ಟೆಯಲ್ಲಿ ಪಿಸ್ತೂಲು ಬಚ್ಚಿಡಲು ಜಾಗವೇ ಇಲ್ಲ. ಪಾದ್ರಿಯ ಓದುವ ಕೋಣೆಯ ಕಿಟಕಿಯವರೆಗೆ ಹೋಗಿ ಬರುತ್ತಾಳೆ, ಆಮೇಲೆ ತೋಟದ ಮೂಲೆಯಲ್ಲಿರುವ ರೆಡಿಂಗ್‌ನ ಸ್ಟುಡಿಯೋ ಕಡೆ ನಡೆಯುತ್ತಾಳೆ. ಗುಂಡಿನ ಸದ್ದೂ ಇಲ್ಲ. ಇಷ್ಟನ್ನೂ ಕಂಡ ಮಿಸ್ ಮಾರ್ಪಲ್ ಪೊಲೀಸರಿಗೆ ಕಂಡದ್ದನ್ನೇ ಹೇಳುತ್ತಾರೆ. ಆಮೇಲೆ ಆನ್ ನಾನೇ ಕೊಂದೆ ಅಂತ ಒಪ್ಪಿಕೊಂಡರೂ, ಸಾಧ್ಯವೇ ಇಲ್ಲ, ಅವಳ ಹತ್ತಿರ ಪಿಸ್ತೂಲು ಇರಲಿಲ್ಲ ಅನ್ನುವವರು ಇದೇ ಮಿಸ್ ಮಾರ್ಪಲ್.

ಪಿಸ್ತೂಲು ಮೊದಲೇ ಆ ಕೋಣೆಯಲ್ಲಿತ್ತು. ರೆಡಿಂಗ್ ಬಂದು ಹೂಕುಂಡದಲ್ಲಿ ಇಟ್ಟು ಹೋಗಿದ್ದ, ಸೈಲೆನ್ಸರ್ ಹಾಕಿ.

ಅಂದರೆ ಊರಲ್ಲಿ ಅತಿ ಚುರುಕು ಕಣ್ಣಿನ ಹೆಂಗಸನ್ನೇ ಇವರು ತಮ್ಮ ಸಾಕ್ಷಿ ಮಾಡಿಕೊಂಡರು. ಕಣ್ತಪ್ಪಿಸಿ ಮಾಡಿದ ಕೊಲೆ ಅಲ್ಲ ಇದು, ಕಣ್ಣೆದುರೇ ಮಾಡಿದ್ದು. ಮಿಸ್ ಮಾರ್ಪಲ್ ಗೆದ್ದದ್ದು ಎಲ್ಲರಿಗಿಂತ ಜಾಸ್ತಿ ನೋಡಿದ್ದರಿಂದ ಅಲ್ಲ. ಕಂಡದ್ದನ್ನು ಇಟ್ಟುಕೊಂಡು, ಇದು ಇಷ್ಟು ಸಲೀಸಾಗಿ ನನಗೇ ಯಾಕೆ ಕಾಣಿಸಿತು ಅಂತ ಯೋಚಿಸಿದ್ದರಿಂದ. ನಿಮಗೆಲ್ಲ ಏನನ್ನಿಸುತ್ತದೆ?

ಹಳೇಬೆಂಚು

ಒಳ್ಳೆಯ ವಿಷಯ ಎತ್ತಿದ್ದೀರಿ. ಆದರೆ ಒಂದು ತಕರಾರು ಇದೆ. ನನಗೆ ಈ ಪುಸ್ತಕದಲ್ಲಿ ಜನ ಜಾಸ್ತಿ ಅನ್ನಿಸಿತು. ಪ್ರಾಚೀನ ವಸ್ತು ಅಗೆಯುವವನು ಅಂತ ಬಂದು ಬೆಳ್ಳಿ ಸಾಮಾನು ಕದಿಯುವ ಡಾಕ್ಟರ್ ಸ್ಟೋನ್, ಯಾರು ಏನು ಅಂತ ಕೊನೆಯವರೆಗೂ ಗೊತ್ತಾಗದ ಮಿಸೆಸ್ ಲೆಸ್ಟ್ರೇಂಜ್, ಚರ್ಚಿನ ದುಡ್ಡು ಕದ್ದ ಕಿರಿಯ ಪಾದ್ರಿ ಹಾಸ್, ಜೈಲಿಗೆ ಹೋಗಿಬಂದ ಆರ್ಚರ್. ಮೊದಲ ಸಲ ಓದುವಾಗ ಯಾರು ಯಾರು ಅಂತ ಹಿಂದಿನ ಪುಟಕ್ಕೆ ಹೋಗಿ ನೋಡಬೇಕಾಗುತ್ತದೆ. ಕ್ರಿಸ್ಟಿ ಅವರೇ ಆತ್ಮಕಥೆಯಲ್ಲಿ ಇದನ್ನು ಹೇಳಿದ್ದಾರಲ್ಲ, ಪಾತ್ರಗಳೂ ಉಪಕಥೆಗಳೂ ಜಾಸ್ತಿಯಾದವು ಅಂತ. ಅದನ್ನು ಎಲ್ಲಿ ಕೂತು ಬರೆದೆ, ಯಾಕೆ ಬರೆದೆ ಅನ್ನುವುದೇ ನೆನಪಿಲ್ಲ ಅಂತಲೂ ಬರೆದಿದ್ದಾರೆ.

ಹೋಲಿಸಿದರೆ ಅವರದೇ 1926ರ ‘ದಿ ಮರ್ಡರ್ ಆಫ್ ರೋಜರ್ ಅಕ್ರಾಯ್ಡ್’ ಎಷ್ಟು ಬಿಗಿಯಾಗಿದೆ. ಅದೂ ಹಳ್ಳಿಯೇ, ಕಿಂಗ್ಸ್ ಅಬಟ್. ಅಲ್ಲಿ ಒಂದು ವಾಕ್ಯವೂ ಸುಮ್ನೆ ಬಂದಿಲ್ಲ.

ಸಂಜೆಮಲ್ಲಿಗೆ

ಅಕ್ರಾಯ್ಡ್ ಮಾತು ಬಂತಲ್ಲ, ಅದರ ಗುಟ್ಟು ಮಾತ್ರ ದಯವಿಟ್ಟು ಯಾರೂ ಇಲ್ಲಿ ಬಿಡಬೇಡಿ. ಈ ಪುಟ ಓದುವವರಲ್ಲಿ ಅದನ್ನು ಇನ್ನೂ ಓದದವರು ಇರುತ್ತಾರೆ.

ಆದರೆ ಅದರಲ್ಲಿ ಬರುವ ಡಾಕ್ಟರ್ ಶೆಪರ್ಡ್ ಅಕ್ಕ ಕ್ಯಾರೊಲಿನ್ ಬಗ್ಗೆ ಹೇಳಲೇಬೇಕು. ಅವಳು ಮನೆ ಬಿಟ್ಟು ಹೊರಗೆ ಹೋಗಬೇಕಾಗಿಯೇ ಇಲ್ಲ. ಹಾಲಿನವನು, ಕೆಲಸದವರು, ಪಕ್ಕದವರು, ಎಲ್ಲರ ಮೂಲಕ ಊರ ಸುದ್ದಿ ಅವಳ ಅಡುಗೆಮನೆಗೇ ಬಂದು ಸೇರುತ್ತದೆ. ಕ್ರಿಸ್ಟಿಗೆ ಅವಳೆಂದರೆ ತುಂಬಾ ಇಷ್ಟ. 1928ರಲ್ಲಿ ಆ ಕಾದಂಬರಿಯನ್ನು ‘ಅಲಿಬೈ’ ಅನ್ನುವ ಹೆಸರಲ್ಲಿ ಮೈಕಲ್ ಮಾರ್ಟನ್ ನಾಟಕ ಮಾಡಿದರು. ಆಗ ಕ್ಯಾರೊಲಿನ್‌ನನ್ನು ತೆಗೆದುಹಾಕಿ ಅವಳ ಜಾಗಕ್ಕೆ ಒಂದು ಚೆಂದದ ಹುಡುಗಿಯನ್ನು ತಂದರು. ಕ್ರಿಸ್ಟಿಗೆ ಇದು ಸಹಿಸಲು ಆಗಲಿಲ್ಲ. ಮಿಸ್ ಮಾರ್ಪಲ್ ಹುಟ್ಟಿದ್ದಕ್ಕೆ ಕ್ಯಾರೊಲಿನ್ ಕಾರಣ ಇರಬಹುದು ಅಂತ ಅವರೇ ಬರೆದುಕೊಂಡಿದ್ದಾರೆ.

ವಯಸ್ಸಾದ, ಮದುವೆಯಾಗದ ಹೆಂಗಸು ಅಂದರೆ ರಂಗಕ್ಕೆ ಬೇಡ, ಓದುಗರಿಗೆ ಬೇಡ ಅನ್ನುವವರ ಎದುರು, ಅಂಥವರನ್ನೇ ನಡುಮನೆಯಲ್ಲಿ ಕೂರಿಸಿದ ಪುಸ್ತಕ ಇದು. ನನಗೆ ಈ ಒಂದು ಕಾರಣಕ್ಕೇ ವಿಕರೇಜ್ ಮೇಲೆ ಪ್ರೀತಿ. ಪಾತ್ರ ಹತ್ತು ಜಾಸ್ತಿಯಾದರೂ ಪರವಾಗಿಲ್ಲ.

ಕಪ್ಪುಶಾಯಿ

@ಹಳೇಬೆಂಚು ಅವರೇ, ಜನ ಜಾಸ್ತಿ ಅನ್ನುವುದನ್ನು ಒಪ್ಪುತ್ತೇನೆ. ಆದರೆ ಅಷ್ಟೂ ಜನ ಬೇಕಿತ್ತು ಅಂತಲೂ ಅನ್ನಿಸುತ್ತದೆ. ಮಿಸ್ ಮಾರ್ಪಲ್ ಹತ್ತಿರ ಸಂಶಯಪಡಬೇಕಾದವರ ಪಟ್ಟಿಯಲ್ಲಿ ಏಳು ಜನ ಇದ್ದಾರೆ. ಪ್ರತಿಯೊಬ್ಬರೂ ಏನೋ ಒಂದನ್ನು ಮುಚ್ಚಿಡುತ್ತಿದ್ದಾರೆ. ಕರ್ನಲ್ ಮಗಳು ಲೆಟಿಸ್ ಅಟ್ಟದಲ್ಲಿದ್ದ ಒಂದು ಭಾವಚಿತ್ರವನ್ನು ಚಾಕುವಿನಿಂದ ಹರಿದುಹಾಕುತ್ತಾಳೆ. ಓದುವಾಗ ಕೊಲೆಗೂ ಇದಕ್ಕೂ ಸಂಬಂಧ ಇರಲೇಬೇಕು ಅನ್ನಿಸುತ್ತದೆ. ಕೊನೆಗೆ ನೋಡಿದರೆ ಅದು ಅವಳ ಹೆತ್ತ ತಾಯಿಯ ಚಿತ್ರ, ಆ ತಾಯಿಯೇ ಮಿಸೆಸ್ ಲೆಸ್ಟ್ರೇಂಜ್. ಪೊಲೀಸರು ಮುಖ ಹೋಲಿಸಿ ಗುರುತು ಹಿಡಿಯಬಾರದು ಅಂತ ಹರಿದದ್ದು. ಪಾಪ, ಕೊಲೆಗೂ ಅದಕ್ಕೂ ಸಂಬಂಧವೇ ಇಲ್ಲ.

ಒಂದು ಹಳ್ಳಿಯಲ್ಲಿ ಪೊಲೀಸರು ಮನೆಮನೆ ಹೊಕ್ಕಾಗ ನಿಜವಾಗಿಯೂ ಆಗುವುದು ಇದೇ ಅಲ್ವಾ? ಕೊಂದವನು ಒಬ್ಬನೇ ಇರಬಹುದು, ಮುಚ್ಚಿಡುವವರು ಊರು ತುಂಬಾ.

ಇನ್ನು ಆ ಗಡಿಯಾರ. ಪಾದ್ರಿ ತಡ ಮಾಡಬಾರದು ಅಂತ ತಮ್ಮ ಕೋಣೆಯ ಗಡಿಯಾರವನ್ನು ಕಾಲು ಗಂಟೆ ಮುಂದೆ ಇಟ್ಟಿರುತ್ತಾರೆ. ಅದು ಕೆಳಗೆ ಬಿದ್ದು 6.22ಕ್ಕೆ ನಿಂತಿದೆ. ಇನ್ಸ್‌ಪೆಕ್ಟರ್ ಸ್ಲ್ಯಾಕ್‌ಗೆ ಕೊಲೆಯ ಸಮಯ ಸಿಕ್ಕಿಬಿಟ್ಟಿತು. ಪಾದ್ರಿ ಗಡಿಯಾರದ ವಿಷಯ ಹೇಳಲು ಬಾಯಿ ತೆರೆದರೆ ಅವರ ಮಾತನ್ನೇ ತುಂಡು ಮಾಡುತ್ತಾನೆ. ಆ ಮನೆಯಲ್ಲಿ ದಿನವೂ ಇರುವವರಿಗೆ ಗೊತ್ತಿರುವ ಒಂದು ಸಣ್ಣ ಸಂಗತಿ, ಹೊರಗಿನಿಂದ ಬಂದ ಅಧಿಕಾರಿ ಕೇಳಿಸಿಕೊಳ್ಳಲು ಸಿದ್ಧನಿಲ್ಲ. ಇಡೀ ಪುಸ್ತಕ ಆ ಎರಡು ಸಾಲಿನಲ್ಲಿದೆ ಅಂತ ನನಗೆ ಅನ್ನಿಸುತ್ತದೆ.

ರಾತ್ರಿಓದು

ನಾನು ಕೇಳಬೇಕು ಅಂತಿದ್ದದ್ದು ಬೇರೆ. ಕ್ರಿಸ್ಟಿ ಇಲ್ಲಿ ಓದುಗನಿಗೆ ಮೋಸ ಮಾಡಿಲ್ಲವಾ? ರೆಡಿಂಗ್ ತಾನೇ ಹೋಗಿ ಪೊಲೀಸರಿಗೆ ಶರಣಾಗುತ್ತಾನೆ, ಆಮೇಲೆ ಅವನು ಹೇಳಿದ ಸಮಯ ವೈದ್ಯರ ಮಾತಿಗೆ ಹೊಂದದೆ ಬಿಟ್ಟುಬಿಡುತ್ತಾರೆ. ಆಮೇಲೆ ಆನ್. ಅವಳನ್ನೂ ಬಿಡುತ್ತಾರೆ. ಇಬ್ಬರೂ ಒಬ್ಬರನ್ನೊಬ್ಬರು ಉಳಿಸಲು ಸುಳ್ಳು ಹೇಳಿದರು ಅಂತ ನಾವು ನಂಬುತ್ತೇವೆ. ಕಥೆ ಶುರುವಿನಲ್ಲೇ ಪಟ್ಟಿಯಿಂದ ಹೊರಗೆ ಹೋದವರು ಕೊನೆಗೆ ಕೊಲೆಗಾರರು ಅಂದರೆ ಹೇಗೆ?

ತುಂಗಾತೀರ

@ರಾತ್ರಿಓದು, ಮೋಸ ಅಲ್ಲ. ಕಲ್ಲಿನ ಪ್ರಸಂಗ ಇನ್ನೊಮ್ಮೆ ಓದಿ ನೋಡಿ.

ಕೊಲೆ ಆದ ಮೇಲೆ ಪಾದ್ರಿ ಕಾಡಿನಲ್ಲಿ ಹೋಗುವಾಗ ರೆಡಿಂಗ್ ಎದುರಾಗುತ್ತಾನೆ. ಕೈಯಲ್ಲಿ ದೊಡ್ಡ ಕಲ್ಲು. ಏನಿದು ಅಂದರೆ ಮಿಸ್ ಮಾರ್ಪಲ್ ತೋಟಕ್ಕೆ ಅನ್ನುತ್ತಾನೆ. ಅವರು ಜಪಾನೀ ಮಾದರಿಯ ತೋಟ ಮಾಡುತ್ತಿರುತ್ತಾರೆ, ಅದಕ್ಕೆ ಕಲ್ಲು ಬೇಕು, ಸರಿಯೇ. ಓದುಗ ನಗುತ್ತಾ ಮುಂದೆ ಹೋಗುತ್ತಾನೆ. ಕೊನೆಯಲ್ಲಿ ಮಿಸ್ ಮಾರ್ಪಲ್ ಹೇಳುತ್ತಾರೆ, ಆ ಕಲ್ಲು ನನ್ನ ತೋಟಕ್ಕೆ ಹೊಂದುವ ಜಾತಿಯದೇ ಅಲ್ಲ ಅಂತ! ತೋಟ ಮಾಡುವವರಿಗೆ ಮಾತ್ರ ಹೊಳೆಯುವ ಸಂಗತಿ ಅದು. ಕಾಡಿನಲ್ಲಿ, ಪೆಟ್ಟು ಬಿದ್ದರೆ ಸಿಡಿಯುವ ಪಿಕ್ರಿಕ್ ಆಸಿಡ್ ಹರಳುಗಳ ಮೇಲೆ ಆ ಕಲ್ಲು ಬೀಳುವ ಹಾಗೆ ಕಟ್ಟಿ, ಬತ್ತಿ ಉರಿದು ಮುಗಿದಾಗ ಸ್ಫೋಟವಾಗುವಂತೆ ಮಾಡಿದ್ದ. ಊರವರೆಲ್ಲ ಕೇಳಿದ ‘ಗುಂಡಿನ ಸದ್ದು’ ಅದು. ಆ ಸದ್ದು ಬಂದಾಗ ರೆಡಿಂಗ್ ಮತ್ತು ಆನ್ ಮಿಸ್ ಮಾರ್ಪಲ್ ಕಣ್ಣೆದುರಿಗೇ ಇದ್ದರು. ಕಪ್ಪುಶಾಯಿ ಅವರು ಹೇಳಿದ ಮಾತಿಗೆ ಇದು ಇನ್ನೊಂದು ಪುರಾವೆ. ಕಣ್ಣಿಗೂ ಆಟ ಇಟ್ಟಿದ್ದರು, ಕಿವಿಗೂ ಇಟ್ಟಿದ್ದರು.

ಇನ್ನೊಂದು ಇದೆ, ನನಗೆ ಎಲ್ಲಕ್ಕಿಂತ ಇಷ್ಟವಾದದ್ದು. ಆ ಸಂಜೆ ಸ್ಟುಡಿಯೋದಲ್ಲಿ ತಾವಿಬ್ಬರೂ ಕೊನೆಯ ಸಲ ಭೇಟಿಯಾಗಿ ಬೇರೆಯಾದೆವು ಅಂತ ಇವರ ಹೇಳಿಕೆ. ಹಾಗಿದ್ದರೆ ಹೊರಗೆ ಬರುವಾಗ ಮುಖ ಹೇಗಿರಬೇಕು? ಇವರು ನಗುತ್ತಾ ಮಾತಾಡುತ್ತಾ ಬಂದರು. ಗಾಬರಿ ಕಾಣಬಾರದು ಅಂತ ಅಷ್ಟೊಂದು ಸಹಜವಾಗಿದ್ದರು. ಅದೇ ಸಿಕ್ಕಿಸಿಹಾಕಿತು. ಈ ವಿಷಯ ಓದುಗನಿಗೂ ಮೊದಲೇ ಹೇಳಿದ್ದಾರೆ. 1930ರಲ್ಲೇ ಲಂಡನ್ನಿನಲ್ಲಿ ಪತ್ತೇದಾರಿ ಕಥೆಗಾರರ ಡಿಟೆಕ್ಷನ್ ಕ್ಲಬ್ ಹುಟ್ಟಿತು, ಜಿ.ಕೆ. ಚೆಸ್ಟರ್‌ಟನ್ ಮೊದಲ ಅಧ್ಯಕ್ಷರು. ಸುಳಿವನ್ನು ಓದುಗರಿಂದ ಮುಚ್ಚಿಡುವುದಿಲ್ಲ ಅಂತ ಅದರ ಸದಸ್ಯರು ಪ್ರಮಾಣ ಮಾಡುತ್ತಿದ್ದರು. ಕ್ರಿಸ್ಟಿ ಅದರ ಸದಸ್ಯೆ, ಆಮೇಲೆ ಅಧ್ಯಕ್ಷೆಯೂ ಆದರು. ಈ ಪುಸ್ತಕ ಆ ಮಾತಿಗೆ ತಪ್ಪಿಲ್ಲ.

ರಾತ್ರಿಓದು

ಆ ಕಲ್ಲಿನ ಸಾಲು ಈಗ ತೆಗೆದು ನೋಡಿದೆ. ಇದೆ! ಅವನು ಕಲ್ಲು ಹಿಡಿದಿದ್ದ ಕಾರಣವನ್ನು ಪಾದ್ರಿ ಒಪ್ಪಿಕೊಂಡರು ಅಂತ ನಾವೂ ಒಪ್ಪಿಕೊಳ್ಳುತ್ತೇವೆ, ಅಷ್ಟೇ.

ಅಡುಗೆಮನೆಕಿಟಕಿ

ಇಷ್ಟು ಹೊತ್ತು ಓದುತ್ತಿದ್ದೆ. ಯಾರೂ ಮೇರಿ ಬಗ್ಗೆ ಮಾತಾಡಲಿಲ್ಲವಲ್ಲ.

ಪಾದ್ರಿ ಮನೆಯ ಕೆಲಸದ ಹುಡುಗಿ ಮೇರಿ. ಅವಳ ಅಡುಗೆ ಬಾಯಿಗೆ ಇಡಲಾಗುವುದಿಲ್ಲ, ಮಾತು ಒರಟು. ಪಾದ್ರಿಯ ಹೆಂಡತಿ ಗ್ರಿಸೆಲ್ಡಾ ಅವಳನ್ನು ಬಿಡಿಸುವುದಿಲ್ಲ. ಯಾಕೆ ಅಂದರೆ, ಚೆನ್ನಾಗಿ ಅಡುಗೆ ಕಲಿತರೆ ಬೇರೆ ಮನೆಯವರು ಜಾಸ್ತಿ ಸಂಬಳ ಕೊಟ್ಟು ಕರೆದುಕೊಂಡು ಹೋಗುತ್ತಾರೆ, ಹೀಗೇ ಇದ್ದರೆ ನಮಗೇ ಉಳಿಯುತ್ತಾಳೆ ಅನ್ನುವುದು ಅವಳ ಲೆಕ್ಕ. ಓದುವಾಗ ನಗು ಬರುತ್ತದೆ ನಿಜ. ಆದರೆ ಆ ಹುಡುಗಿ ಮುಂದೆ ಬರುವುದೇ ಬೇಡ ಅಂತ ಯಜಮಾನಿ ಬಯಸುತ್ತಿದ್ದಾಳೆ ಅನ್ನುವುದನ್ನೂ ನೋಡಬೇಕು. ಮೇರಿ ಮದುವೆಯಾಗಬೇಕೆಂದಿರುವ ಆರ್ಚರ್, ಕಳ್ಳಬೇಟೆಗಾಗಿ ಇದೇ ಕರ್ನಲ್ ಪ್ರೊಥೆರೋನಿಂದ ಜೈಲು ಕಂಡವನು. ಅಡುಗೆಮನೆಯಲ್ಲೂ ಒಂದು ಸಿಟ್ಟು ಕುದಿಯುತ್ತಿತ್ತು.

ದೊಡ್ಡ ಮನೆಗಳ ಮಾತು ಕಿವಿಗೆ ಬೀಳುವುದು ಈ ಕೆಲಸದ ಹುಡುಗಿಯರಿಗೆ. ಆದರೆ ಪೊಲೀಸರ ಮುಂದೆ ಬಾಯಿ ಬಿಡುವುದಿಲ್ಲ, ಕೆಲಸ ಹೋದೀತು ಅಂತ. ಪೊಲೀಸರೂ ಗೌರವದಿಂದ ಕೇಳುವುದಿಲ್ಲ. ಮಿಸ್ ಮಾರ್ಪಲ್ ಮಾತ್ರ ಈ ಹುಡುಗಿಯರ ಲೋಕ ಬಲ್ಲವರು. ಅವರೇ ಅನಾಥಾಲಯದಿಂದ ಹುಡುಗಿಯರನ್ನು ಕರೆತಂದು ಕೆಲಸ ಕಲಿಸುತ್ತಾರೆ, ಇದು ಆಮೇಲಿನ ಪುಸ್ತಕಗಳಲ್ಲಿ ಬರುತ್ತದೆ. ಕ್ರಿಸ್ಟಿ ಈ ವ್ಯವಸ್ಥೆಯನ್ನು ಪ್ರಶ್ನಿಸಿದರು ಅಂತ ನಾನು ಹೇಳುವುದಿಲ್ಲ. ಅವರು ಆ ವರ್ಗದವರೇ, ಟಾರ್ಕಿಯಲ್ಲಿ ಆಳುಕಾಳು ಇದ್ದ ಮನೆಯಲ್ಲಿ ಬೆಳೆದವರು. ಹಳ್ಳಿಯ ಸೊಬಗು ಅಂತ ಹೊಗಳುವಾಗ ಆ ಸೊಬಗನ್ನು ಬೆಳಗ್ಗೆ ಎದ್ದು ಗುಡಿಸಿ ಒರೆಸುತ್ತಿದ್ದವರು ಇದ್ದರು ಅನ್ನುವುದು ಮರೆಯಬಾರದು, ಇದಿಷ್ಟು ನನ್ನ ಮಾತು.

ಸಂಜೆಮಲ್ಲಿಗೆ

@ಅಡುಗೆಮನೆಕಿಟಕಿ ಮನಸ್ಸಿಗೆ ನಾಟಿತು. ಟೀ ಕುಡಿಯಲು ಬರುವ ಆ ನಾಲ್ಕು ಹೆಂಗಸರನ್ನೂ ಇದರ ಜೊತೆಗೇ ನೋಡಬೇಕು. ಮಿಸ್ ಮಾರ್ಪಲ್, ಮಿಸ್ ವೆದರ್ಬಿ, ಮಿಸ್ ಹಾರ್ಟ್‌ನೆಲ್, ಮಿಸೆಸ್ ಪ್ರೈಸ್ ರಿಡ್ಲಿ. ಗ್ರಿಸೆಲ್ಡಾ ಇವರನ್ನು ಗೇಲಿ ಮಾಡುತ್ತಾಳೆ, ಮಿಸ್ ಮಾರ್ಪಲ್ ಎಲ್ಲರಿಗಿಂತ ಕೆಟ್ಟವರು ಅನ್ನುತ್ತಾಳೆ. ಹಕ್ಕಿ ನೋಡುವ ನೆಪದಲ್ಲಿ ದುರ್ಬೀನು ಹಿಡಿದಿರುತ್ತಾರೆ ಅಂತ ಪಾದ್ರಿಯೂ ಹೇಳುತ್ತಾರೆ. ಈ ಮೊದಲ ಪುಸ್ತಕದ ಮಿಸ್ ಮಾರ್ಪಲ್ ನಿಜಕ್ಕೂ ಸ್ವಲ್ಪ ಚೂಪು. ಆಮೇಲೆ ಬರುವ ಮೆದು ಅಜ್ಜಿ ಅಲ್ಲ. ಕ್ರಿಸ್ಟಿ ಅವರ ಅಜ್ಜಿ ಮತ್ತು ಅವರ ಈಲಿಂಗ್ ಗೆಳತಿಯರ ಗುಣ ಇದರಲ್ಲಿದೆ. ಆ ಅಜ್ಜಿ ಯಾರ ಬಗ್ಗೆಯೂ ಕೆಟ್ಟದ್ದನ್ನೇ ನಿರೀಕ್ಷಿಸುತ್ತಿದ್ದರು, ಹೆಚ್ಚಿನ ಸಲ ಅದೇ ನಿಜವಾಗುತ್ತಿತ್ತು ಅಂತ ಕ್ರಿಸ್ಟಿ ಬರೆದಿದ್ದಾರೆ.

ಗ್ರಿಸೆಲ್ಡಾ ಕೊನೆಗೆ ಏನಾಗುತ್ತಾಳೆ ನೆನಪಿದೆಯಾ? ಅವಳು ಗರ್ಭಿಣಿ, ಮನೆ ನಡೆಸುವುದು ಹೇಗೆ, ಮಗು ಸಾಕುವುದು ಹೇಗೆ ಅನ್ನುವ ಪುಸ್ತಕ ಕೊಂಡು ಬಚ್ಚಿಟ್ಟಿದ್ದಾಳೆ. ಗಂಡನಿಗೂ ಹೇಳಿಲ್ಲ. ಮಿಸ್ ಮಾರ್ಪಲ್‌ಗೆ ಗೊತ್ತಾಗಿರುತ್ತದೆ.

ಹಳೇಬೆಂಚು

ಹಳ್ಳಿಯ ವಿಷಯವಾಗಿ ಒಂದು ಮಾತು ಸೇರಿಸುತ್ತೇನೆ. ಮಿಸ್ ಮಾರ್ಪಲ್ ಕಾದಂಬರಿಗಳನ್ನು ಬಂದ ಕ್ರಮದಲ್ಲೇ ಓದಿದರೆ ಇಂಗ್ಲೆಂಡಿನ ಹಳ್ಳಿ ಬದಲಾಗುವುದು ಕಣ್ಣಿಗೆ ಕಟ್ಟುತ್ತದೆ. ವಿಕರೇಜ್ ಆದ ಮೇಲೆ ಮುಂದಿನ ಮಾರ್ಪಲ್ ಕಾದಂಬರಿ ‘ದಿ ಬಾಡಿ ಇನ್ ದಿ ಲೈಬ್ರರಿ’ ಬಂದದ್ದು 1942ರಲ್ಲಿ, ಹನ್ನೆರಡು ವರ್ಷದ ಅಂತರ. 1950ರ ‘ಎ ಮರ್ಡರ್ ಈಸ್ ಅನೌನ್ಸ್ಡ್’ ಹೊತ್ತಿಗೆ ಯುದ್ಧ ಮುಗಿದಿದೆ, ರೇಷನ್ ಇನ್ನೂ ಇದೆ. ಅಲ್ಲಿ ಮಿಸ್ ಮಾರ್ಪಲ್ ಹೇಳುವ ಮಾತು ನನಗೆ ಮರೆಯಲಾಗದು: ಮೊದಲೆಲ್ಲ ಊರಿಗೆ ಬಂದವರು ಯಾರು, ಯಾರ ಪೈಕಿ ಅಂತ ತಿಳಿಯುತ್ತಿತ್ತು, ಪರಿಚಯದ ಪತ್ರ ತರುತ್ತಿದ್ದರು, ಈಗ ಬರುವವರ ಬಗ್ಗೆ ಅವರು ತಾವೇ ಹೇಳಿಕೊಂಡಷ್ಟು ಮಾತ್ರ ಗೊತ್ತು. ಆ ಕಾದಂಬರಿಯ ಕೊಲೆಗಳೆಲ್ಲ ಈ ಒಂದು ಬಿರುಕಿನಿಂದಲೇ ಹುಟ್ಟುತ್ತವೆ. 1962ರ ‘ದಿ ಮಿರರ್ ಕ್ರ್ಯಾಕ್ಡ್’ನಲ್ಲಿ ಸೇಂಟ್ ಮೇರಿ ಮೀಡ್‌ಗೆ ಹೊಸ ಬಡಾವಣೆ ಬಂದಿದೆ, ಸೂಪರ್ ಮಾರ್ಕೆಟ್ ಬಂದಿದೆ, ಮಿಸ್ ಮಾರ್ಪಲ್ ಆ ಬಡಾವಣೆ ನೋಡಲು ತಾವೇ ನಡೆದುಕೊಂಡು ಹೋಗುತ್ತಾರೆ.

ಹಾಗಾಗಿ ಕಪ್ಪುಶಾಯಿ ಹೇಳಿದ ಉಪಾಯ 1930ರಲ್ಲಿ ಮಾತ್ರ ನಡೆಯುವಂಥದ್ದು. ಯಾರು ಎಷ್ಟು ಹೊತ್ತಿಗೆ ಎಲ್ಲಿ ನಿಂತಿರುತ್ತಾರೆ ಅಂತ ಊರಿಗೆಲ್ಲ ಗೊತ್ತಿದ್ದರೆ ತಾನೇ ಅದನ್ನು ನಂಬಿ ಕೊಲೆ ಮಾಡಲು ಸಾಧ್ಯ.

ಹೊಸಓದುಗ

ಎಲ್ಲರ ಮಾತನ್ನೂ ಓದಿದೆ, ಗುಟ್ಟು ತಿಳಿದೂ ಪುಸ್ತಕ ಓದಬೇಕು ಅನ್ನಿಸುತ್ತಿದೆ. ಟಿವಿಯಲ್ಲಿ ನೋಡಬಹುದಾ? ಯಾವುದು ಚೆನ್ನಾಗಿದೆ?

ತುಂಗಾತೀರ

ಜೋನ್ ಹಿಕ್ಸನ್ ಮಾಡಿದ ಬಿಬಿಸಿ ಸರಣಿ ನೋಡಿ. 1984ರಿಂದ 1992ರವರೆಗೆ ಹನ್ನೆರಡೂ ಮಾರ್ಪಲ್ ಕಾದಂಬರಿಗಳನ್ನು ಮಾಡಿದರು, ವಿಕರೇಜ್ 1986ರಲ್ಲಿ. ಹ್ಯಾಂಪ್‌ಶೈರಿನ ನೆದರ್ ವಾಲಪ್ ಅನ್ನುವ ಹಳ್ಳಿಯನ್ನು ಸೇಂಟ್ ಮೇರಿ ಮೀಡ್ ಮಾಡಿದ್ದಾರೆ. ಹಿಕ್ಸನ್ 1940ರ ದಶಕದಲ್ಲಿ ಕ್ರಿಸ್ಟಿಯ ಒಂದು ನಾಟಕದಲ್ಲಿ ನಟಿಸಿದಾಗ, ಮುಂದೊಂದು ದಿನ ನೀವು ನನ್ನ ಮಿಸ್ ಮಾರ್ಪಲ್ ಆಗಬೇಕು ಅಂತ ಕ್ರಿಸ್ಟಿ ಅವರಿಗೆ ಬರೆದಿದ್ದರು. ಅದು ನಡೆದಾಗ ಕ್ರಿಸ್ಟಿ ಇರಲಿಲ್ಲ, ಅವರು ತೀರಿಕೊಂಡದ್ದು 1976ರಲ್ಲಿ.

ಆದರೆ ಮೊದಲು ಪುಸ್ತಕ. ಪಾದ್ರಿಯ ದನಿ ಟಿವಿಯಲ್ಲಿ ಸಿಗುವುದಿಲ್ಲ. ಸುಸ್ತಾದ, ಒಳ್ಳೆಯ, ಹೆಂಡತಿಯನ್ನು ತುಂಬಾ ಪ್ರೀತಿಸುವ, ಅವಳ ಮೇಲೂ ಒಂದೆರಡು ಸಲ ಸಂಶಯಪಡುವ ಆ ಮನುಷ್ಯನ ದನಿಯೇ ಅರ್ಧ ಪುಸ್ತಕ.

ಕಪ್ಪುಶಾಯಿ

@ಹೊಸಓದುಗ, ಖಂಡಿತ ಓದಿ. ಕೊಲೆಗಾರರು ಯಾರು ಅಂತ ಗೊತ್ತಿದ್ದು ಓದಿದರೆ ರೆಡಿಂಗ್‌ನ ಪ್ರತಿ ಮಾತೂ ಎರಡು ಸಲ ಕೇಳಿಸುತ್ತದೆ. ಅವನು ಪಾದ್ರಿಯ ಜೊತೆ ಸೇರಿ ತನಿಖೆಗೆ ಓಡಾಡುತ್ತಾನಲ್ಲ, ಎಷ್ಟು ಉತ್ಸಾಹದಿಂದ! ಆಮೇಲೆ ಪಾಪ ಹಾಸ್ ಮೇಲೆ ತಪ್ಪು ಹೊರಿಸಲು ಅವನ ಔಷಧಿಯನ್ನೇ ಬದಲಿಸುತ್ತಾನೆ, ಸಾಯುವ ಮುಂಚೆ ಕರ್ನಲ್ ಹಾಸ್‌ನ ಕಳ್ಳತನದ ಬಗ್ಗೆ ನಿಜವಾಗಿ ಬರೆದಿದ್ದ ಚೀಟಿಯನ್ನು ಹಾಸ್ ಪಕ್ಕದಲ್ಲೇ ಸಿಗುವ ಹಾಗೆ ಮಾಡುತ್ತಾನೆ. ಅಲ್ಲಿಯವರೆಗೆ ಪ್ರೀತಿಗಾಗಿ ಕೊಂದರು ಅಂತ ಒಂಚೂರು ಕನಿಕರ ಇದ್ದರೂ ಅಲ್ಲಿಗೆ ಮುಗಿಯುತ್ತದೆ. ಖಾಯಿಲೆಯ ಮನುಷ್ಯನನ್ನು ಆತ್ಮಹತ್ಯೆ ಮಾಡಿಕೊಂಡ ಹಾಗೆ ತೋರಿಸಿ ಕೊಲ್ಲಲು ಹೊರಟವನು ಅವನು.

ಅವನನ್ನು ಹಿಡಿದದ್ದೂ ಅದೇ ದಾರಿಯಲ್ಲಿ. ಮಿಸ್ ಮಾರ್ಪಲ್ ಹತ್ತಿರ ಕೋರ್ಟಿಗೆ ಕೊಡುವಂಥ ಪುರಾವೆ ಒಂದೂ ಇರಲಿಲ್ಲ. ನೀನು ಔಷಧಿ ಬದಲಿಸಿದ್ದನ್ನು ಯಾರೋ ನೋಡಿದ್ದಾರಂತೆ ಅಂತ ಅವನ ಕಿವಿಗೆ ಬೀಳುವ ಹಾಗೆ ಮಾಡಿ ಅಂದರು, ಅಷ್ಟೇ. ಯಾರ ಕಣ್ಣಿಗೆ ಏನು ಬೀಳಬೇಕು ಅನ್ನುವುದನ್ನೆಲ್ಲ ತಾನೇ ನಿರ್ಧರಿಸಿದ್ದ ಮನುಷ್ಯ, ತಾನು ತೋರಿಸದೇ ಇದ್ದದ್ದನ್ನೂ ಒಬ್ಬರು ನೋಡಿಬಿಟ್ಟರು ಅಂತ ಕೇಳಿದ ಕೂಡಲೇ ಆನ್ ಹತ್ತಿರ ಓಡಿದ.